ಗ್ರಾಗ್ ಸ್ಟೋನ್‌ವೇರ್ ಮಣ್ಣು, 10 ಕೆಜಿ ಪ್ಯಾಕ್: ಗಾಜಿನ ಅಚ್ಚಿಗೆ ಎಷ್ಟು ಸರಿ?

ಗ್ರಾಗ್ ಎಂದರೆ ಮಣ್ಣಿಗೆ ಬೆರೆಸಿದ ಸುಟ್ಟ ಮಣ್ಣಿನ ಕಾಳು. ಇಂಥ ಮಣ್ಣಿನಿಂದ ಅಚ್ಚು ಮಾಡಿ, ಕಿಲ್ನ್‌ನಲ್ಲಿ (ಸುಡುವ ಕುಲುಮೆ) ಅದರ ಮೇಲೆ ಗಾಜಿನ ಹಾಳೆ ಇಟ್ಟು ಕಾಯಿಸಿದರೆ ಗಾಜು ಮೆತ್ತಗಾಗಿ ಅಚ್ಚಿನ ಆಕಾರಕ್ಕೆ ಇಳಿಯುತ್ತದೆ. ಬಟ್ಟಲು, ತಟ್ಟೆಯಂಥ ತಗ್ಗು ಅಚ್ಚುಗಳಿಗೆ ಈ ಪ್ಯಾಕನ್ನು ಕಣ್ಣುಮುಚ್ಚಿ ತಗೊಳ್ಳಬಹುದು. ಉಬ್ಬಿದ ಅಚ್ಚಿನ ಮೇಲೆ ಗಾಜು ಇಳಿಬಿಡುವವರಿಗೆ ಬೇಡ. ತಣಿಯುವಾಗ ಗಾಜು ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ. ತಗ್ಗಿನೊಳಗಿದ್ದರೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ, ಉಬ್ಬಿನ ಮೇಲಿದ್ದರೆ ಅಚ್ಚನ್ನು ಬಿಗಿಯಾಗಿ ಹಿಡಿದು ತಾನೇ ಸೀಳುತ್ತದೆ. ಆ ಕೆಲಸಕ್ಕೆ ಸ್ಟೇನ್‌ಲೆಸ್ ಸ್ಟೀಲೇ ಸರಿ, ಅದು ಗಾಜಿಗಿಂತಲೂ ಹೆಚ್ಚು ಕುಗ್ಗಿ ಜಾಗ ಬಿಡುತ್ತದೆ.

ಒಣಗಿ ಸುಟ್ಟ ಮೇಲೆ ಈ ಮಣ್ಣು ಒಟ್ಟು ಶೇ. 10ರಷ್ಟು ಕುಗ್ಗುತ್ತದೆ. 200 ಮಿ.ಮೀ. ಬಟ್ಟಲು ಬೇಕಿದ್ದರೆ ಹಸಿಯಲ್ಲಿ 222 ಮಿ.ಮೀ. ಇರಬೇಕು. ಪ್ಯಾಕಿಂದ ಪ್ಯಾಕಿಗೆ ತೇವ ಬೇರೆಯಾಗುವುದು ಇದರ ದೊಡ್ಡ ಕೊರತೆ. ಹಾಗಾಗಿ ಪ್ರತಿ ಪ್ಯಾಕಿನಿಂದಲೂ ಒಂದು ಚಿಕ್ಕ ಬಿಲ್ಲೆ ಮಾಡಿ, 100 ಮಿ.ಮೀ. ಗೆರೆ ಎಳೆದು, ಸುಟ್ಟು ಅಳೆದು ನೋಡಿ. ದಪ್ಪ ಎಲ್ಲೆಡೆ 8–10 ಮಿ.ಮೀ. ಒಂದೇ ಸಮ ಇರಲಿ. ಅಂಚಿಗೆ ಪ್ಲಾಸ್ಟಿಕ್ ಸುತ್ತಿ ನೆರಳಲ್ಲಿ ಒಣಗಿಸಿ, ಅಂಚು ಮೊದಲು ಒಣಗಿದರೆ ಅಚ್ಚು ಸೊಟ್ಟಗಾಗುತ್ತದೆ. ಲೋಹದ ಪಟ್ಟಿಯಿಂದ ಕೆರೆದರೆ ಗ್ರಾಗ್ ಕಾಳು ಎದ್ದು ಗೀರು ಬೀಳುತ್ತದೆ. ರಬ್ಬರ್ ಪಟ್ಟಿಯಿಂದ ಒತ್ತಿ ನುಣುಪು ಮಾಡಿ.

ಗಾಳಿತೂತು ಅರ್ಧ ಒಣಗಿ ಗಟ್ಟಿಯಾದಾಗಲೇ ಕೊರೆಯಬೇಕು, 2 ಮಿ.ಮೀ. ಡ್ರಿಲ್ ಬಿಟ್ ಸಾಕು. ಹೆಚ್ಚಿನವರು ನಡುವೆ ಒಂದು ಕೊರೆದು ಕೈತೊಳೆದುಕೊಳ್ಳುತ್ತಾರೆ. ತಳ ಚಪ್ಪಟೆಯಿದ್ದರೆ ಗಾಜು ಮೊದಲು ಮುಟ್ಟುವುದೇ ನಡುವನ್ನು. ಗಾಳಿ ಸಿಕ್ಕಿಬೀಳುವುದು ತಳ–ಗೋಡೆ ಸೇರುವ ಮೂಲೆಯಲ್ಲಿ, ತೂತು ಅಲ್ಲೂ ಬೇಕು. ಅಚ್ಚನ್ನು ಕಿಲ್ನ್‌ನೊಳಗೆ ಗಿಡ್ಡ ಪೋಸ್ಟ್‌ಗಳ (ಆಧಾರದ ಕಂಬ) ಮೇಲೆ ಎತ್ತಿಡದಿದ್ದರೆ ತೂತಿದ್ದೂ ಇಲ್ಲದಂತೆ.

ಸುಡುವುದರಲ್ಲೇ ಈ ಮಣ್ಣಿನ ಗುಣ ನಿಂತಿದೆ. ಪ್ಯಾಕಿನ ಮೇಲೆ 1200 ಡಿಗ್ರಿ ಎಂದಿದೆ, ಅದು ಪಾತ್ರೆಗೆ. ಅಚ್ಚಿಗೆ 1000–1040 ಡಿಗ್ರಿ ಬಿಸ್ಕ್ (ಗ್ಲೇಜ್ ಇಲ್ಲದ ಮೊದಲ ಸುಡುವಿಕೆ) ಸಾಕು. ಅದಕ್ಕೂ ಮೇಲೆ ಸುಟ್ಟರೆ ಮಣ್ಣಿನ ರಂಧ್ರ ಮುಚ್ಚಿಕೊಂಡು ಕಿಲ್ನ್ ವಾಶ್ (ಗಾಜು ಅಚ್ಚಿಗೆ ಅಂಟದಂತೆ ಹಚ್ಚುವ ಲೇಪ) ಹೀರದೆ ಜಾರುತ್ತದೆ, ಬಿಸಿ–ತಂಪಿನ ಹೊಡೆತಕ್ಕೂ ಬೇಗ ಬಿರುಕು ಬಿಡುತ್ತದೆ. ಸುಟ್ಟ ಅಚ್ಚಿನ ಮೇಲೆ ಒಂದು ಹನಿ ನೀರು ಬಿಡಿ, ಕ್ಷಣದಲ್ಲಿ ಇಂಗಿದರೆ ಹದ ಸರಿಯಾಗಿದೆ.

ವಾಶ್‌ಗೆ ಅಲ್ಯುಮಿನಾ ಹೈಡ್ರೇಟ್ ಮತ್ತು ಚೈನಾ ಕ್ಲೇ ಸಮತೂಕ, ಒಂದು ಅಳತೆ ಪುಡಿಗೆ ಐದು ಅಳತೆ ನೀರು. ಮೃದು ಬ್ರಷ್‌ನಿಂದ ಅಡ್ಡ, ಉದ್ದ ಬದಲಿಸುತ್ತ ನಾಲ್ಕೈದು ತೆಳು ಪದರ ಹಚ್ಚಿ. ಅಲ್ಯುಮಿನಾ ತಳಕ್ಕಿಳಿಯುತ್ತದೆ, ಆಗಾಗ ಕಲಕುತ್ತಿರಿ. ತೂತನ್ನು ತಂತಿಯಿಂದ ಬಿಡಿಸಿ, ಅಚ್ಚನ್ನು 260 ಡಿಗ್ರಿಯಲ್ಲಿ ಖಾಲಿಯಾಗಿ ಒಣಗಿಸಿದ ಮೇಲಷ್ಟೇ ಗಾಜು ಇಡಿ. ಬ್ರಷ್ ಗೆರೆ ಉಳಿದರೆ ಅದು ಹಾಗೇ ಗಾಜಿನ ಬೆನ್ನಿಗೆ ಅಚ್ಚೊತ್ತುತ್ತದೆ. ವಾಶ್ ಸಿಪ್ಪೆ ಎದ್ದರೆ ಮೇಲೆ ತೇಪೆ ಹಾಕಬೇಡಿ. ಮಾಸ್ಕ್ ಹಾಕಿಕೊಂಡು ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ಹಚ್ಚಿ.

6 ಮಿ.ಮೀ. ಫ್ಯೂಸಿಂಗ್ ಗಾಜಿಗೆ (ಕಿಲ್ನ್‌ನಲ್ಲಿ ಬೆಸೆಯಲೆಂದೇ ಮಾಡಿದ ಗಾಜು) 660 ಡಿಗ್ರಿ, ಹತ್ತು ನಿಮಿಷ. ಕಿಟಕಿ ಗಾಜು ಇನ್ನೂ ಗಡಸು, 720ರ ಆಸುಪಾಸು ಬೇಕು. 600 ಡಿಗ್ರಿವರೆಗೆ ಗಂಟೆಗೆ 150 ಮೀರದಂತೆ ಏರಿಸಿ: 573ರ ಹತ್ತಿರ ಮಣ್ಣಿನಲ್ಲಿರುವ ಕ್ವಾರ್ಟ್ಸ್ ಥಟ್ಟನೆ ಹಿಗ್ಗುತ್ತದೆ, ಹಳೆಯ ಅಚ್ಚುಗಳು ಒಡೆಯುವುದು ಬಹುತೇಕ ಅಲ್ಲೇ. ಗಾಜು ಒಂದು ಬದಿಗೆ ಜಾರಿದ್ದರೆ ಮಣ್ಣನ್ನು ಬೈಯುವ ಮೊದಲು ರಸಮಟ್ಟ ಇಟ್ಟು ಅಚ್ಚಿನ ಅಂಚು ನೋಡಿ.

ಬಾಳಿಕೆ ಚೆನ್ನಾಗಿದೆ. ಅಂಚಿನಲ್ಲಿ ಕೂದಲೆಳೆಯ ಬಿರುಕು ಬಂದರೂ ಗ್ರಾಗ್ ಅದನ್ನು ಬೇಗ ಹರಡಗೊಡುವುದಿಲ್ಲ. ಬಿರುಕಿಗೆ ಉಗುರು ಸಿಕ್ಕುವಂತಾದ ದಿನ ಅಚ್ಚನ್ನು ಬದಲಿಸಿ.