ಲ್ಯಾಪ್‌ಟಾಪ್ ಸ್ಕ್ರೀನ್ ಕಪ್ಪಾದ್ರೆ ಇವ್ರಿಗೊಂದು ಫೋನ್ ಮಾಡಿ

ಚಿಕ್ಕಮಗಳೂರಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ನಂಬಿಕಸ್ಥರು ಯಾರು ಅಂತ ಕೇಳೋರಿಗೆ ನಾನಂತೂ ಐ.ಜಿ. ರೋಡ್ ಹತ್ರ ಇರೋ ಈ ಅಂಗಡೀನೇ ಹೇಳೋದು. ಬೋರ್ಡ್ ನೆಟ್ಟಗೆ ಕಾಣಲ್ಲ, ಗಾಡಿ ನಿಲ್ಸೋಕೂ ಜಾಗ ಇಲ್ಲ, ಆದ್ರೆ ಕೆಲ್ಸ ಗೊತ್ತಿರೋ ಜನ.

ನಂದು ಹಳೇ ವಿಂಡೋಸ್ ಲ್ಯಾಪ್‌ಟಾಪ್, ಪವರ್ ಲೈಟ್ ಬರುತ್ತೆ, ಫ್ಯಾನ್ ತಿರುಗೋ ಸದ್ದೂ ಕೇಳುತ್ತೆ, ಸ್ಕ್ರೀನ್ ಮಾತ್ರ ಪೂರ್ತಿ ಕಪ್ಪು. ಮೊದ್ಲು ತೋರ್ಸಿದ ಕಡೆ (ಹೆಸ್ರು ಬೇಡ ಬಿಡಿ) ಬಿಚ್ಚಿ ಕೂಡ ನೋಡ್ದೆ ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡು) ಹೋಗಿದೆ ಹೊಸದು ತಗೊಳಿ ಅಂದ್ಬಿಟ್ರು. ಆಮೇಲೆ ಇಲ್ಲಿಗೆ ಫೋನ್ ಮಾಡಿದ್ರೆ ಆ ಹುಡುಗ "ಅಕ್ಕ, ಈ ಮಳೇಲಿ ಮೂಡಿಗೆರೆಯಿಂದ ಎಂತಕ್ಕೆ ಹೊತ್ಕೊಂಡು ಬರ್ತೀರಾ, ಮೊದ್ಲು ನಾ ಹೇಳಿದ್ದು ಮನೇಲೇ ಮಾಡಿ ನೋಡಿ" ಅಂದ. ಗಿರಾಕಿ ತಾನಾಗೇ ಬರ್ತೀನಿ ಅಂದ್ರೂ ಬೇಡ ಅನ್ನೋ ಅಂಗಡಿಯವ್ರು ಎಲ್ಲಿದಾರೆ ಹೇಳಿ ಮಾರಾಯ್ರೆ!

ಅವ್ನು ಹೇಳಿದ್ದು ಬರೀತೀನಿ, ಯಾರಿಗಾದ್ರೂ ಬೇಕಾಗ್ಬಹುದು. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯೋ ತರದ್ದಾದ್ರೆ ಅದನ್ನೂ ತೆಗ್ದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟು, ತೆಗ್ದಿದ್ದೆಲ್ಲ ವಾಪಸ್ ಹಾಕಿ ಮತ್ತೆ ಆನ್ ಮಾಡ್ಬೇಕು, ಒಳಗೆ ಉಳ್ದಿರೋ ಕರೆಂಟ್ ಇಳಿಯುತ್ತೆ, ಎಷ್ಟೋ ಲ್ಯಾಪ್‌ಟಾಪ್ ಇಷ್ಟಕ್ಕೇ ಸರಿ ಹೋಗುತ್ತಂತೆ. ನಂದು ಹೋಗ್ಲಿಲ್ಲ. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿಸಿದ, ಗ್ರಾಫಿಕ್ಸ್ ಡ್ರೈವರ್ (ಸ್ಕ್ರೀನಿಗೆ ಚಿತ್ರ ಕಳ್ಸೋ ಸಾಫ್ಟ್‌ವೇರ್) ರೀಸ್ಟಾರ್ಟ್ ಆಗೋಕೆ ಅದು, ಬೀಪ್ ಅಂತ ಸದ್ದೇನೋ ಬಂತು ಚಿತ್ರ ಬರ್ಲಿಲ್ಲ. ಕ್ಯಾಪ್ಸ್ ಲಾಕ್ ಒತ್ತಿ ಲೈಟ್ ಹತ್ತಿ ಆರುತ್ತಾ ನೋಡಿ ಅಂದ, ಹತ್ತಿ ಆರ್ತು. ಹಂಗಿದ್ರೆ ಒಳಗೆ ಜೀವ ಇದೆ ಅಕ್ಕ, ರೂಮಿನ ಲೈಟ್ ಆರ್ಸಿ ಸ್ಕ್ರೀನಿಗೆ ಓರೆಯಾಗಿ ಮೊಬೈಲ್ ಟಾರ್ಚ್ ಬಿಡಿ ಅಂದ. ನಿಜ ಹೇಳ್ತೀನಿ, ಮಸುಕು ಮಸುಕಾಗಿ ಐಕಾನ್‌ಗಳು ಕಾಣ್ತಿದ್ವು! ಚಿತ್ರ ಬರ್ತಿದೆ, ಸ್ಕ್ರೀನ್ ಹಿಂದೆ ಹತ್ತೋ ಬೆಳಕು ಮಾತ್ರ ಇಲ್ಲ. ಎಚ್‌ಡಿಎಂಐ ವೈರಲ್ಲಿ ಟಿವಿಗೆ ಜೋಡ್ಸಿ ವಿಂಡೋಸ್ ಜೊತೆ ಪಿ ಒತ್ತಿ ಡೂಪ್ಲಿಕೇಟ್ ಅಂತ ಕೊಟ್ರೆ ಟಿವೀಲಿ ನೆಟ್ಟಗೆ ಬಂತು, ಟಿವೀಲೇ ನೋಡ್ಕೊಂಡು ತೋಟದ ಲೆಕ್ಕ ಎಲ್ಲ ಪೆನ್‌ಡ್ರೈವಿಗೆ ಹಾಕೊಂಡೆ, ರಿಪೇರಿಗೆ ಕೊಡೋ ಮುಂಚೆ ಇದೊಂದು ಯಾರೇ ಆದ್ರೂ ಮಾಡ್ಕೊಳಿ. ಕೊನೇಲಿ ಮುಚ್ಚಳ ನಿಧಾನಕ್ಕೆ ಹಿಂದೆ ಮುಂದೆ ಮಾಡ್ಸಿದ, ಅರ್ಧ ಮುಚ್ದಾಗ ಒಂದು ಸಲ ಪಳಕ್ ಅಂತ ಬೆಳಕು ಬಂತು. "ಡಿಸ್ಪ್ಲೇ ಕೇಬಲ್ ಅಕ್ಕ, ಈಗ ತನ್ನಿ."

ಸ್ಕ್ರೀನಿಗೆ ಚಿತ್ರಾನೂ ಬೆಳಕಿನ ಕರೆಂಟೂ ತರೋ ಆ ಕೇಬಲ್ ಮುಚ್ಚಳದ ಹಿಂಜ್ (ಕೀಲು) ಒಳಗಿಂದ ಹೋಗುತ್ತೆ, ತೆಗ್ದು ಮುಚ್ಚಿ ತೆಗ್ದು ಮುಚ್ಚಿ ಸವೆದು ಹೋಗುತ್ತೆ. ನನ್ನೆದುರಿಗೇ ಬಿಚ್ಚಿ ತೋರ್ಸಿದ, ಒಂದೆರಡು ಎಳೆ ಬಿಟ್ಕೊಂಡಿತ್ತು. ಹೊಸ ಕೇಬಲ್ಲೂ ಮಜೂರಿನೂ ಸೇರಿ 1,600 ರೂಪಾಯಿ. ರ‍್ಯಾಮ್ (ಮೆಮೊರಿ ಪಟ್ಟಿ) ಕೂಡ ತೆಗ್ದು ರಬ್ಬರಲ್ಲಿ ಒರ್ಸಿ ಹಾಕಿದ, ನಮ್ ಕಡೆ ತೇವಕ್ಕೆ ಅದ್ರ ಕಾಂಟ್ಯಾಕ್ಟ್ ಬೇಗ ಕೊಳೆಯಾಗುತ್ತಂತೆ, ಅದಕ್ಕೆ ದುಡ್ಡು ತಗೊಳ್ಲಿಲ್ಲ.

ಬೇಜಾರಿಲ್ವಾ ಅಂದ್ರೆ ಇದೆ. ಕೇಬಲ್ ಬೆಂಗಳೂರಿಂದ ಬರ್ಬೇಕು ಅಂತ ಕಾಯ್ಸಿದ್ರು, ನಾಳೆ ಬರುತ್ತೆ ನಾಳೆ ಬರುತ್ತೆ ಅಂತ ಎಳೆದಿದ್ದು ನಂಗೆ ಇಷ್ಟ ಆಗ್ಲಿಲ್ಲ, ತಡ ಆಗುತ್ತೆ ಅಂತ ಮೊದ್ಲೇ ಹೇಳ್ಬಹುದಿತ್ತು. ಬಿಲ್ಲೂ ಕೇಳಿದ್ ಮೇಲೇನೇ ಕೊಟ್ಟಿದ್ದು, ಕೇಬಲ್ಲಿಗೆ ಮೂರು ತಿಂಗಳು ವಾರಂಟಿ ಅಂತ ಬಾಯಲ್ಲಿ ಹೇಳ್ತಾರೆ, ಅದನ್ನ ಬಿಲ್ ಮೇಲೆ ಬರ್ಸ್ಕೊಳಿ. ಮಧ್ಯಾಹ್ನ ಊಟದ ಹೊತ್ತಲ್ಲಿ ಫೋನ್ ಎತ್ತಲ್ಲ, ಬೆಳಗ್ಗೆ ಹನ್ನೊಂದರ ಒಳಗೆ ಮಾಡಿದ್ರೆ ಸಮಾಧಾನವಾಗಿ ಮಾತಾಡ್ತಾರೆ. ಐದಕ್ಕೆ ನಾಲ್ಕು ಸ್ಟಾರ್.