ಕಮ್ಮಿ ರೇಟಿನ ಕಾರ್ಬನ್ ಟಿಟಿ ಫ್ರೇಮು, ಮೂರು ವರ್ಷದ ಮೇಲೆ ಓಡಿಸಿ ಬರೀತಿರೋ ರಿವ್ಯೂ

ನನ್ ಹತ್ರ ಇರೋದು ಚೈನಾ ಫ್ಯಾಕ್ಟರಿಯಿಂದ ನೇರವಾಗಿ ತರಿಸಿದ ಕಾರ್ಬನ್ ಟೈಮ್ ಟ್ರಯಲ್ (ಟಿಟಿ, ಅಂದ್ರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸೋ ರೇಸು) ಸೈಕಲ್ ಫ್ರೇಮು. ಬ್ರ್ಯಾಂಡ್ ಹೆಸರಿಲ್ಲ, ಪೂರ್ತಿ ಕಪ್ಪು, ರಿಮ್ ಬ್ರೇಕಿಂದು. ಮೂರು ವರ್ಷ ಆಗೋಯ್ತು, ವಾರದ ದಿನ ಮನೇಲಿ ಟ್ರೈನರ್ (ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯೋ ಸ್ಟ್ಯಾಂಡು) ಮೇಲೆ, ಭಾನುವಾರ ಬೆಳಕಾಗೋ ಮುಂಚೆ ಯಲಹಂಕ ದಾಟಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ, ಈಜು, ಸೈಕಲ್, ಓಟ ಮೂರೂ ಇರೋ ಗೋವಾ ಹಾಫ್ ಐರನ್‌ಮ್ಯಾನ್ ಟ್ರಯಥ್ಲಾನ್‌ನ 90 ಕಿಮೀ ಸೈಕಲ್ ಕೂಡ ಇದರ ಮೇಲೇ ಮುಗಿಸಿದ್ದು. ಫ್ರೇಮ್ ಇನ್ನೂ ಗಟ್ಟಿಯಾಗಿದೆ, ಎಲ್ಲೂ ಬಿರುಕಿಲ್ಲ, ಇವತ್ತಿಗೂ ಏರೋ ಬಾರ್ (ಮೊಣಕೈ ಊರಿ ಮುಂದಕ್ಕೆ ಬಗ್ಗೋ ಹ್ಯಾಂಡಲ್) ಹಿಡ್ಕೊಂಡು ಬಗ್ಗಿದ್ರೆ ಮನಸ್ಸಿಗೆ ಖುಷಿ ಆಗತ್ತೆ. ತಲೆನೋವು ಬಂದಿದ್ದೆಲ್ಲ ಫ್ರೇಮ್ ಜೊತೆ ಬಂದ ಸಣ್ಣ ಸಣ್ಣ ಸಾಮಾನಿಂದ. ಈ ರೇಟಲ್ಲಿ ಫ್ರೇಮ್ ಹುಡುಕ್ತಿರೋರಿಗೆ ಅದನ್ನೇ ಹೇಳಬೇಕು ಅಂತ ಬರೀತಿದೀನಿ.

ಮಾರೋರು ಮೊದಲು ಹೇಳೋದು ತೂಕ, ಆಮೇಲೆ ಟೋರೆ ಟಿ700, ಟಿ800 ಅಂತ ಫೈಬರ್ ಹೆಸರು. ಎರಡಕ್ಕೂ ಅಷ್ಟು ಬೆಲೆ ಕೊಡಬೇಡಿ. ಸಪಾಟು ರೋಡಲ್ಲಿ 40ರ ಸ್ಪೀಡಲ್ಲಿ ಹೋಗುವಾಗ ನಮ್ಮನ್ನ ತಡೆಯೋದು ಹೆಚ್ಚುಕಮ್ಮಿ ಪೂರ್ತಿ ಗಾಳಿನೇ, ಆ ಗಾಳಿಯಲ್ಲೂ ಮುಕ್ಕಾಲು ಪಾಲು ತಡೆ ನಮ್ಮ ಮೈದು, ಫ್ರೇಮ್‌ದು ಸ್ವಲ್ಪ. ಇನ್ನೂರು ಗ್ರಾಂ ಉಳಿಸಿ ಏನೂ ಸಿಗಲ್ಲ. 1989ರ ಟೂರ್ ಡಿ ಫ್ರಾನ್ಸ್ ಕೊನೇ ದಿನ ನೆನಪಿಸ್ಕೊಳ್ಳಿ, ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದೋನು 24.5 ಕಿಮೀ ಟಿಟಿಯಲ್ಲಿ ಏರೋ ಬಾರ್ ಹಾಕ್ಕೊಂಡು ಬಗ್ಗಿ ಓಡಿಸಿ ಲೋರಾಂ ಫಿನ್ಯೋನ್‌ನ ಇಡೀ ಟೂರಿನ ಲೆಕ್ಕದಲ್ಲಿ ಬರೀ 8 ಸೆಕೆಂಡಲ್ಲಿ ಸೋಲಿಸಿದ. ಫಿನ್ಯೋನ್ ಸೈಕಲ್ಲಿಗೆ ಹಿಂದೆ ಮುಂದೆ ಎರಡೂ ಡಿಸ್ಕ್ ವೀಲ್ (ಕಡ್ಡಿ ಕಾಣದ ಹಾಗೆ ಪೂರ್ತಿ ಮುಚ್ಚಿದ ಚಕ್ರ) ಇತ್ತು, ಆದ್ರೆ ಏರೋ ಬಾರ್ ಇರಲಿಲ್ಲ, ಹೆಲ್ಮೆಟ್ಟೂ ಇಲ್ಲ, ಜುಟ್ಟು ಹಾರಾಡ್ತಿತ್ತು. ಕೂರೋ ರೀತಿಗೆ ಎಷ್ಟು ಬೆಲೆ ಇದೆ ಅಂತ ಇಡೀ ಪ್ರಪಂಚ ಅವತ್ತು ನೋಡ್ತು.

ಹಾಗಾಗಿ ಫ್ರೇಮ್ ಆರಿಸೋವಾಗ ಮೊದಲು ಕೇಳಬೇಕಾಗಿರೋದು ಜಾಮೆಟ್ರಿ ಚಾರ್ಟು. ಎಸ್, ಎಂ, ಎಲ್ ಅನ್ನೋ ಅಳತೆ ನಂಬಬೇಡಿ, ಒಂದೊಂದು ಫ್ಯಾಕ್ಟರಿದು ಒಂದೊಂದು ಥರ ಇರತ್ತೆ. ಸ್ಟ್ಯಾಕ್ ನೋಡಿ, ಅಂದ್ರೆ ಪೆಡಲ್ ತೋಳುಗಳನ್ನ ಜೋಡಿಸೋ ಆಕ್ಸಲ್ ತಿರುಗೋ ಬಾಟಮ್ ಬ್ರ್ಯಾಕೆಟ್ (ಬಿಬಿ) ಮಧ್ಯದಿಂದ ಹೆಡ್‌ಟ್ಯೂಬ್ (ಹ್ಯಾಂಡಲ್ ಕೂರೋ ಮುಂದಿನ ಕೊಳವೆ) ಮೇಲ್ತುದಿವರೆಗಿನ ಎತ್ತರ. ರೀಚ್ ನೋಡಿ, ಅದೇ ಮಧ್ಯದಿಂದ ಆ ಮೇಲ್ತುದಿ ಮುಂದಕ್ಕೆ ಎಷ್ಟು ದೂರ ಅಂತ. ರೋಡ್ ಬೈಕಲ್ಲಿ ಸೀಟ್ ಟ್ಯೂಬ್ 73 ಡಿಗ್ರಿ ಆಸುಪಾಸು ಇರತ್ತೆ, ಟಿಟಿಯಲ್ಲಿ 76ರಿಂದ 80 ಬೇಕು, ಆಗ್ಲೇ ಸೊಂಟ ಮುಂದಕ್ಕೆ ಬಂದು ಹೊಟ್ಟೆ ತೊಡೆ ಮಧ್ಯೆ ಜಾಗ ಸಿಗೋದು. ನಾನು ದುಡ್ಡು ಕಳಿಸೋ ಮುಂಚೆ ಒಬ್ರು ಫಿಟ್ಟರ್ ಹತ್ರ ಹೋಗಿ ಮೊಣಕೈ ಪ್ಯಾಡ್ ಎಲ್ಲಿ ಬರಬೇಕು ಅಂತ ಅಳತೆ ತಗೊಂಡು, ಅದಕ್ಕೆ ಹೊಂದೋ ಫ್ರೇಮ್ ಹುಡುಕಿದೆ. ಆ ಫೀಸು ಇಡೀ ಬಿಲ್ಡಲ್ಲೇ ಒಳ್ಳೇ ಖರ್ಚು. 90 ಕಿಮೀ ಬಗ್ಗಿಕೊಂಡೇ ಹೋಗಿ ಇಳಿದು ಓಡೋಕೆ ಆಯ್ತು ಅಂದ್ರೆ ಅದಕ್ಕೆ ಕಾರಣ ಇದೇ.

ಈಗ ತೊಂದರೆಗಳು. ಸೀಟ್‌ಪೋಸ್ಟ್ ಮೊದಲನೇದು. ಪೋಸ್ಟು ಚಪ್ಪಟೆ ಆಕಾರ, ಒಳಗೆ ಒಂದು ಪುಟ್ಟ ವೆಜ್ (ಬೆಣೆ), ಒಂದೇ ಬೋಲ್ಟು, ಅದರ ಮೇಲೆ ನಮ್ಮ ಪೂರ್ತಿ ಭಾರ. ಗುಂಡಿ ಹಂಪು ಹತ್ತಿ ಇಳಿದ ಹಾಗೆ ಪೋಸ್ಟ್ ಸ್ವಲ್ಪ ಸ್ವಲ್ಪ ಕೆಳಗೆ ಜಾರ್ತಿತ್ತು, ಕಣ್ಣಿಗೆ ಕಾಣಲ್ಲ ಆದ್ರೆ ಮಂಡಿಗೆ ಗೊತ್ತಾಗತ್ತೆ. ಮಾರಿದೋರಿಗೆ ಮೆಸೇಜ್ ಮಾಡಿದ್ರೆ ಇನ್ನೂ ಟೈಟ್ ಮಾಡಿ ಅಂದ್ರು. ದಯವಿಟ್ಟು ಹಾಗೆ ಮಾಡಬೇಡಿ, ಮಿತಿ ಮೀರಿ ಬಿಗಿ ಮಾಡಿದ್ರೆ ಕಾರ್ಬನ್ ಒಡೆಯೋದು ಅಲ್ಲೇ. ಪೋಸ್ಟ್ ಹೊರಗೆ ತೆಗೆದು, ಜಿಡ್ಡೆಲ್ಲ ಒರೆಸಿ, ಮರಳಿನ ಥರ ತರಿ ಇರೋ ಕಾರ್ಬನ್ ಪೇಸ್ಟ್ ಹಚ್ಚಿ, ಟಾರ್ಕ್ ರೆಂಚಲ್ಲಿ ಬರೆದಿರೋ ಅಳತೆಗೆ ಮಾತ್ರ ಬಿಗಿ ಮಾಡಿದ ಮೇಲೆ ನಿಂತಿತು. ಪೋಸ್ಟ್ ಮೇಲೆ ಒಂದು ಚೂರು ಟೇಪ್ ಅಂಟಿಸಿ ಗುರುತು ಇಟ್ಟಿದೀನಿ, ಪ್ರತಿ ರೈಡಿಗೆ ಮುಂಚೆ ಒಂದ್ ಸಲ ನೋಡ್ತೀನಿ.

ಎರಡನೇದು ಬಾಟಮ್ ಬ್ರ್ಯಾಕೆಟ್. ನನ್ನದು ಪ್ರೆಸ್ ಫಿಟ್ ಬಿಬಿ86, ಅಂದ್ರೆ ಥ್ರೆಡ್ ಇಲ್ಲದೆ ಒತ್ತಿ ಕೂರಿಸೋದು, ಫ್ರೇಮಲ್ಲಿ ಅದು ಕೂರೋ ತೂತಿನ ಅಳತೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ಬೇರಿಂಗ್ ಕಿರ್ ಕಿರ್ ಅನ್ನತ್ತೆ. ಕೊನೆಗೆ ಎರಡೂ ಕಡೆ ಕಪ್ ಒಂದಕ್ಕೊಂದು ಥ್ರೆಡ್ ಆಗೋ ಬಿಬಿ ಹಾಕಿಸಿದ ಮೇಲೆ ಸದ್ದು ನಿಂತಿದೆ. ಅದೇ ರೇಟಲ್ಲಿ ಬಿಎಸ್ಎ ಅನ್ನೋ ಮಾಮೂಲಿ ಥ್ರೆಡ್ ಇರೋ ಫ್ರೇಮ್ ಸಿಕ್ಕಿದ್ರೆ ಯೋಚ್ನೆನೇ ಮಾಡಬೇಡಿ, ತಗೊಳ್ಳಿ, ಊರಿನ ಯಾವ ಮೆಕ್ಯಾನಿಕ್ ಆದ್ರೂ ಕೈ ಹಾಕಬಹುದು.

ಹಿಂದಿನ ಬ್ರೇಕ್ ಬಿಬಿ ಕೆಳಗೆ ಅಡಗಿಸಿಟ್ಟಿದಾರೆ. ಗಾಳಿಗೆ ಒಳ್ಳೇದೇ, ಆದ್ರೆ ಮಳೆಗಾಲದಲ್ಲಿ ಕೆಸರೆಲ್ಲ ಹೋಗಿ ಅಲ್ಲೇ ಕೂರತ್ತೆ, ವೀಲ್ ಬದಲಾಯಿಸಿ ರಿಮ್ ಅಗಲ ಬೇರೆ ಆದ್ರೆ ಮತ್ತೆ ಪೂರ್ತಿ ಅಡ್ಜಸ್ಟ್ ಮಾಡಬೇಕು. ಟೈರೂ 25 ಎಂಎಂಗಿಂತ ದಪ್ಪದ್ದು ಹಿಡಿಯಲ್ಲ. ನಮ್ಮ ರೋಡಿಗೆ 28 ಇದ್ರೆ ಎಷ್ಟು ಚೆನ್ನಾಗಿರ್ತಿತ್ತು! ಈಗ ಹೊಸದಾಗಿ ತಗೊಳ್ಳೋರು ಡಿಸ್ಕ್ ಬ್ರೇಕ್ ಫ್ರೇಮೇ ನೋಡಿ, ಟೈರ್ ಜಾಗ ಸಾಮಾನ್ಯವಾಗಿ ಜಾಸ್ತಿ ಇರತ್ತೆ.

ಟ್ರೈನರ್ ಮೇಲೆ ಓಡಿಸೋರು ಬೆವರಿನ ಬಗ್ಗೆ ಹುಷಾರಾಗಿರಬೇಕು, ಇದನ್ನ ಯಾರೂ ಹೇಳಲ್ಲ. ಏರೋ ಪೊಸಿಷನಲ್ಲಿ ತಲೆ ನೇರವಾಗಿ ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್ ಇರೋ ಜಾಗ) ಮೇಲೇ ಬರತ್ತೆ, ಉಪ್ಪು ನೀರು ಟಪ ಟಪ ಅಂತ ಅಲ್ಲೇ ಬೀಳತ್ತೆ. ಕಾರ್ಬನ್‌ಗೆ ಏನೂ ಆಗಲ್ಲ, ಆದ್ರೆ ಮೇಲಿನ ಬೇರಿಂಗು, ಬೋಲ್ಟುಗಳು, ಏರೋ ಬಾರ್ ಕೂರೋ ಅಲ್ಯೂಮಿನಿಯಂ ಬೇಸ್ ಬಾರ್ ಟೇಪ್ ಒಳಗೆ ಗೊತ್ತಾಗದ ಹಾಗೆ ತಿಂದೋಗತ್ತೆ. ಬಾರ್ ಮುರಿದ್ರೆ ಮುಖ ನೆಲಕ್ಕೆ. ಟವೆಲ್ ಹಾಸಿ, ವರ್ಷಕ್ಕೊಂದು ಸಲ ಟೇಪ್ ಬಿಚ್ಚಿ ನೋಡಿ, ಬೋಲ್ಟಿಗೆ ಗ್ರೀಸ್ ಹಚ್ಚಿ. ನನ್ನ ಮೇಲಿನ ಬೇರಿಂಗ್ ಹಾಗೇ ತುಕ್ಕು ಹಿಡಿದು ಬದಲಾಯಿಸ್ಬೇಕಾಯ್ತು, ಸ್ಟ್ಯಾಂಡರ್ಡ್ ಸೈಜ್ ಆಗಿದ್ದಕ್ಕೆ ಇಲ್ಲೇ ಸಿಕ್ತು.

ಇದೇ ಕಾರಣಕ್ಕೆ ಮುಂದಿನ ಭಾಗ ಸಾಮಾನ್ಯ ಸ್ಟೆಮ್ (ಹ್ಯಾಂಡಲನ್ನ ಫೋರ್ಕಿಗೆ ಜೋಡಿಸೋ ತುಂಡು) ಹಿಡಿಯೋ ಥರ ಇರಬೇಕು ಅಂತ ಒತ್ತಿ ಹೇಳ್ತೀನಿ. ಸ್ಟೆಮ್, ಬಾರ್ ಎಲ್ಲ ಒಂದೇ ಅಚ್ಚಲ್ಲಿ ಬರೋ ಫ್ರೇಮ್ ನೋಡೋಕೆ ತುಂಬಾ ಚೆಂದ, ಆದ್ರೆ ಎತ್ತರ ಬದಲಾಯಿಸ್ಬೇಕು ಅಂದ್ರೆ ಅವರದ್ದೇ ಸ್ಪೇಸರ್, ಅವರದ್ದೇ ಬೋಲ್ಟ್ ಬೇಕು, ಆ ಮಾಡೆಲ್ ನಿಂತೋದ್ರೆ ಅಲ್ಲಿಗೆ ಕಥೆ ಮುಗೀತು.

ಅಡ್ಡ ಗಾಳಿಗೆ ಫ್ರೇಮಿಗಿಂತ ಮುಂದಿನ ವೀಲೇ ಜಾಸ್ತಿ ಎಳೆಯೋದು. ಚಿತ್ರದುರ್ಗ ಕಡೆ ಗಾಳಿಯಂತ್ರ ನಿಲ್ಲಿಸಿರೋ ಜಾಗದಲ್ಲೆಲ್ಲ ಓಡಿಸೋರು ಮುಂದೆ ಕಮ್ಮಿ ಆಳದ ರಿಮ್ ಹಾಕ್ಕೊಳ್ಳಿ.

ಐರನ್‌ಮ್ಯಾನ್ ಥರದ ಟ್ರಯಥ್ಲಾನ್‌ಗೆ ಫ್ರೇಮ್ ಮೇಲೆ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ಸ್ಟಿಕ್ಕರ್ ಬೇಕಿಲ್ಲ. ಆದ್ರೆ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ್ರು ಸ್ಟೇಟ್, ನ್ಯಾಷನಲ್ಸ್ ಟಿಟಿಗೆ ಅಂತ ಇಂಥ ಫ್ರೇಮ್ ನೋಡ್ತಿದ್ರೆ ಮೊದಲು ಅಸೋಸಿಯೇಷನ್‌ನೋರನ್ನ ಕೇಳಿ ಆಮೇಲೆ ದುಡ್ಡು ಹಾಕಿ, ಸೀಟಿನ ಮೂತಿ ಎಲ್ಲಿ ಬರಬೇಕು ಅನ್ನೋದಕ್ಕೂ ಯುಸಿಐ ರೂಲ್ ಇದೆ, ಇಡೀ ಸೈಕಲ್ 6.8 ಕೆಜಿಗಿಂತ ಕಮ್ಮಿ ಇರಬಾರದು. ಮನೆಯೋರು ಸಾಲ ಮಾಡಿ ಕೊಡಿಸೋ ಸೈಕಲ್ಲು, ಸ್ಟಾರ್ಟ್ ಲೈನಲ್ಲಿ ವಾಪಸ್ ಕಳಿಸಿದ್ರೆ ಹೊಟ್ಟೆ ಉರಿಯತ್ತೆ.

ರೇಟು: ನಾನು ತರಿಸಿದಾಗ ಫ್ರೇಮು, ಫೋರ್ಕು, ಸೀಟ್‌ಪೋಸ್ಟು ಸೇರಿ ಅರವತ್ತು ಸಾವಿರದ ಆಸುಪಾಸು, ಅದರ ಮೇಲೆ ಕಸ್ಟಮ್ಸ್ ಡ್ಯೂಟಿ, ಐಜಿಎಸ್‌ಟಿ, ಕೊರಿಯರ್‌ನೋರ ಚಾರ್ಜು ಬೇರೆ. 2020ರಲ್ಲಿ ಅಲಿಎಕ್ಸ್‌ಪ್ರೆಸ್ ಬ್ಯಾನ್ ಆದ್ಮೇಲೆ ಫ್ಯಾಕ್ಟರಿಗೇ ಮೇಲ್ ಹಾಕಿ ತರಿಸ್ಬೇಕು, ವಾರಂಟಿ ಇದ್ರೂ ವಾಪಸ್ ಕಳಿಸೋ ಖರ್ಚು ನಮ್ಮದೇ. ಅಷ್ಟೇ ದುಡ್ಡಿಗೆ ಹಳೇ ಸರ್ವೆಲೊ ಪಿ2 ಅಥವಾ ಜೈಂಟ್ ಟ್ರಿನಿಟಿ ನಿಮ್ಮ ಸೈಜಲ್ಲಿ, ಬಿದ್ದಿಲ್ಲದ್ದು ಸಿಕ್ಕಿದ್ರೆ ನಾನಾದ್ರೆ ಅದನ್ನೇ ತಗೊಳ್ಳೋದು. ಕ್ಲ್ಯಾಂಪ್ ಸುತ್ತ, ಬಿಬಿ ಸುತ್ತ ಟಾರ್ಚ್ ಹಾಕಿ ನೋಡಿ, ನಾಣ್ಯದಲ್ಲಿ ಮೆಲ್ಲಗೆ ತಟ್ಟಿ, ಒಂದು ಕಡೆ ಮಾತ್ರ ಸದ್ದು ಮಂಕಾದ್ರೆ ಬಿಟ್ಬಿಡಿ.

ಹೊಸದೇ ತರಿಸೋದಾದ್ರೆ ಆರ್ಡರ್ ಮಾಡೋವಾಗ್ಲೇ ಒಂದು ಸೀಟ್‌ಪೋಸ್ಟ್ ವೆಜ್, ಎರಡು ಡಿರೈಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸೋ ಭಾಗವನ್ನ ಫ್ರೇಮಿಗೆ ಹಿಡಿಸೋ ತುಂಡು) ಜಾಸ್ತಿ ಹಾಕಿ ಅಂತ ಕೇಳಿ. ಜೊತೇಲಿ ಬಂದ್ರೆ ಕೆಲವು ನೂರು ರೂಪಾಯಿ, ಆಮೇಲೆ ಬೇರೆ ತರಿಸಿದ್ರೆ ಸಾಮಾನಿಗಿಂತ ಕೊರಿಯರ್ರೇ ದುಬಾರಿ, ಬರೋವರೆಗೂ ಸೈಕಲ್ ಗೋಡೆಗೆ ಒರಗಿಸಿ ಇಡಬೇಕಾಗತ್ತೆ.