ಕಾದ ನ್ಯೂಕ್ಲಿಯಸ್ಸಿನಿಂದ ಹಾರುವ ಕಣ ಹಿಡಿಯಲು: ಸಿಲಿಕಾನ್ ಜೋಡಿಯೋ, ಸೀಸಿಯಂ ಅಯೋಡೈಡೋ?

ಭಾರ ಅಯಾನುಗಳು ಬೆಸೆದು ಆದ ಸಂಯುಕ್ತ ನ್ಯೂಕ್ಲಿಯಸ್ ಉಗುಳುವ ಪ್ರೋಟಾನ್, ಆಲ್ಫಾಗಳನ್ನು ಅಳೆಯಲು ಎರಡು ಬಗೆಯ ಪತ್ತೆಕಾರಿಗಳು ಬಳಕೆಯಲ್ಲಿವೆ: ತೆಳು ಪದರದ ಹಿಂದೆ ದಪ್ಪ ಪದರವಿಟ್ಟ ಸಿಲಿಕಾನ್ ಜೋಡಿ, ಮತ್ತು ಕಣ ಬಡಿದರೆ ಬೆಳಕು ಸೂಸುವ ಸೀಸಿಯಂ ಅಯೋಡೈಡ್ ಹರಳು.

ಮೊದಲು ನೋಡಬೇಕಾದ್ದು ಕೆಳಮಿತಿ, ಅಂದರೆ ಅಳೆಯಬಹುದಾದ ಕನಿಷ್ಠ ಶಕ್ತಿ. ಸಿಲಿಕಾನ್ ಜೋಡಿಯಲ್ಲಿ ಕಣ ಮುಂದಿನ ತೆಳು ಪದರ ದಾಟಿದರಷ್ಟೇ ಅದರ ಗುರುತು ಸಿಗುತ್ತದೆ. ಪದರ 25 ಮೈಕ್ರಾನ್ ಇದ್ದರೆ ಸುಮಾರು 5 ಎಂಇವಿಗಿಂತ (ಮೆಗಾ ಎಲೆಕ್ಟ್ರಾನ್ ವೋಲ್ಟ್, ಕಣದ ಶಕ್ತಿಯ ಅಳತೆ) ಕಡಿಮೆಯ ಆಲ್ಫಾ ಅಲ್ಲೇ ನಿಂತುಬಿಡುತ್ತದೆ. ಅಯಾನು ಬೀಮ್ ಬಂದ ಕಡೆಗಿರುವ ಹಿಂದಿನ ಕೋನಗಳಲ್ಲಿ ಆಲ್ಫಾ ಶಕ್ತಿ ಮೊದಲೇ ಕುಗ್ಗಿರುವುದರಿಂದ ರೋಹಿತದ (ಯಾವ ಶಕ್ತಿಯಲ್ಲಿ ಎಷ್ಟು ಕಣ ಎಂಬ ನಕ್ಷೆಯ) ಬುಡವೇ ಕತ್ತರಿಸಿ ಹೋಗಬಹುದು. ಮೇಲ್ತುದಿಯಲ್ಲಿ ಕಥೆ ತಿರುಗುಮುರುಗು: 15 ಎಂಇವಿ ಪ್ರೋಟಾನ್ 1 ಮಿ.ಮೀ. ಸಿಲಿಕಾನ್ ತೂರಿ ಹೊರಬೀಳುತ್ತದೆ, 10 ಮಿ.ಮೀ. ಸೀಸಿಯಂ ಅಯೋಡೈಡಿನಲ್ಲಿ ಆರಾಮವಾಗಿ ನಿಲ್ಲುತ್ತದೆ.

ಶಕ್ತಿಯ ನಿಖರತೆಯಲ್ಲಿ ಸಿಲಿಕಾನ್ ಮುಂದೆ, ಕ್ಯಾಲಿಬ್ರೇಶನ್ನೂ (ಪಲ್ಸ್ ಎಂಬ ವಿದ್ಯುತ್ ಸಂಕೇತದ ಎತ್ತರವನ್ನು ಶಕ್ತಿಗೆ ಹೊಂದಿಸುವುದು) ಸುಲಭ. ಥ್ಯಾಲಿಯಂ ಬೆರೆತ ಸೀಸಿಯಂ ಅಯೋಡೈಡ್ ಒಂದೇ ಹರಳಿನಲ್ಲಿ ಪಲ್ಸ್ ಆಕಾರದಿಂದ ಕಣ ಬೇರ್ಪಡಿಸುತ್ತದೆ, ಆದರೆ ಪ್ರೋಟಾನಿಗೂ ಆಲ್ಫಾಗೂ ಬೆಳಕಿನ ಪ್ರಮಾಣ ಬೇರೆ. ಒಂದರ ಕ್ಯಾಲಿಬ್ರೇಶನ್ ಇನ್ನೊಂದಕ್ಕೆ ಹಚ್ಚಿದಿರೋ, ರೋಹಿತದಿಂದ ತೆಗೆಯುವ ನ್ಯೂಕ್ಲಿಯಸ್ಸಿನ ತಾಪಮಾನದ ಲೆಕ್ಕವೇ ಕೆಟ್ಟಿತು.

ಮುಂಕೋನದಲ್ಲಿ ಚದುರಿದ ಬೀಮ್ ಸಿಲಿಕಾನನ್ನು ಹಾಳುಮಾಡುತ್ತದೆ. ಸೋರಿಕೆ ಪ್ರವಾಹ 1 ಮೈಕ್ರೋಆಂಪಿಯರ್ ಏರಿದರೆ ಬಯಾಸ್ (ಪತ್ತೆಕಾರಿಗೆ ಕೊಡುವ ವೋಲ್ಟೇಜ್) ಹಾದು ಬರುವ 10 ಮೆಗಾಓಮ್ ರೋಧಕದಲ್ಲೇ 10 ವೋಲ್ಟ್ ಹೋಗುತ್ತದೆ; ಬಯಾಸ್ ಏರಿಸದಿದ್ದರೆ ಪಲ್ಸ್ ಕುಗ್ಗುತ್ತದೆ.

ಕೆಲವೇ ಕೋನಗಳಲ್ಲಿ ರೋಹಿತದ ಆಕಾರ ಬೇಕಿದ್ದರೆ ಸಿಲಿಕಾನ್. ಸುತ್ತಲೂ ಮುಚ್ಚಿ ಕಣಗಳ ಎಣಿಕೆ ಬೇಕಿದ್ದರೆ ಸೀಸಿಯಂ ಅಯೋಡೈಡ್.